ಚಿಂದಿ ತಂದವರಿಗೆ ಗಂಟು

ನನ್ನ ನೆಗೆಣ್ಣಿ ಸಾವಂತ್ರವ್ವನಿಗೆ ಹಾಡು ಬರುತ್ತಿರಲಿಲ್ಲ. ಅಷ್ಟಿಷ್ಟು ಬರುತ್ತಿತ್ತು ಎಂದು ಮರ್ಯಾದೆಗೆ ಹೇಳುವ ಹಾಗೂ ಇರಲಿಲ್ಲ. ಮಂಗಳಾರತಿಗೆ ಅವಳು ಬಾಯಿ ತೆರೆದರೆ ಪಕ್ಕದಲ್ಲಿ ನಿಂತವರೂ ದಾರಿ ತಪ್ಪುತ್ತಿದ್ದರು. ಅಂಥವಳು ಚಿಕ್ಕೇರೂರಿನ ಭಜನೆಯ ಮನೆತನಕ್ಕೇ ಹಿರಿಸೊಸೆಯಾಗಿ ಬಂದಳು. ಅವಳ ಗಂಡ ಗುದ್ಲೆಪ್ಪ, ಅಂದರೆ ನನ್ನ ಭಾವ, ಮೇಳದ ಮುಂದಾಳು. ಅವರ ತಮ್ಮನಾದ ನಮ್ಮವರು ಹಾರ್ಮೋನಿಯಂ ಪೇಟಿ ನುಡಿಸುತ್ತಿದ್ದರು, ನಾನು ಹಿಮ್ಮೇಳದಲ್ಲಿ ದನಿ ಕೂಡಿಸುತ್ತಿದ್ದೆ. ಉಳಿದವಳು ಇವಳೊಬ್ಬಳು. ಮೇಳ ಊರು ಬಿಟ್ಟು ಹೋದಾಗ ಸಾಮಾನು ಕಾಯಲು ಯಾರಾದರೂ ಬೇಕು, ಆ ಕೆಲಸ ತಾನಾಗಿಯೇ ಇವಳ ಪಾಲಿಗೆ ಬಿತ್ತು. ನಾವು ಕೇಳಲಿಲ್ಲ, ಅವಳೂ ಒಲ್ಲೆ ಎನ್ನಲಿಲ್ಲ.

ನಾವು ಮುಖ್ಯವಾಗಿ ಹೋಗುತ್ತಿದ್ದದ್ದು ಹಾನಗಲ್ಲಿಗೆ. ಊರ ಹೊರಗೆ ಒಂದು ಹುಣಸೆ ತೋಪು. ಸುಗ್ಗಿ ಮುಗಿದ ಮೇಲೆ ಅಲ್ಲಿ ಐದು ದಿನ ಸಂಗೀತ. ಅರಳೆ ವ್ಯಾಪಾರದ ಸಾಹುಕಾರರೊಬ್ಬರು ತಮಗೆ ಹಾಡು ಕಲಿಸಿದ ಗುರುವಿನ ನೆನಪಿಗೆ ಅದನ್ನು ನಡೆಸುತ್ತಿದ್ದರು. ಹುಬ್ಬಳ್ಳಿ ಧಾರವಾಡದ ಗವಾಯಿಗಳಿಗೆ ಸಾಹುಕಾರರ ಮಾಳಿಗೆ ಮನೆ, ನಮ್ಮಂಥ ಹಳ್ಳಿಯ ಮೇಳದವರಿಗೆ ತೋಪಿನ ನೆರಳು. ಚಕ್ಕಡಿಗಳನ್ನು ಸುತ್ತ ನಿಲ್ಲಿಸಿ, ನಡುವೆ ಮೂರು ಕಲ್ಲಿನ ಒಲೆ ಹೂಡಿ, ಕಂಬಳಿ ಹಾಸಿಕೊಂಡು ಬಿಡಾರ ಮಾಡುತ್ತಿದ್ದೆವು. ಹಿರೇಕೆರೂರು, ಶಿಗ್ಗಾವಿ, ಬಂಕಾಪುರ, ಸವಣೂರು, ಎಲ್ಲ ಕಡೆಯ ಮಂದಿಯೂ ಹಾಗೆಯೇ ಸೇರುತ್ತಿದ್ದರು. ನಿಜ ಹೇಳಬೇಕೆಂದರೆ ನನಗೆ ಹಾಡಿಗಿಂತ ಆ ಬಿಡಾರದ ಹೊಗೆ, ಗದ್ದಲ, ಹರಟೆಯೇ ಹೆಚ್ಚು ಸೇರುತ್ತಿತ್ತು.

ಅಲ್ಲಿ ಕಳ್ಳರ ಕಾಟ ಮಾತ್ರ ಬಹಳ. ತಂಬಿಗೆ, ಚಪ್ಪಲಿ, ಕಂಬಳಿ ಹೋಗುವುದು ಮಾಮೂಲು. ಒಂದು ವರ್ಷ ಶಿಗ್ಗಾವಿಯ ಕಡೆಯವರ ತಬಲಾ ಜೋಡಿಯಲ್ಲಿ ಎಡಗೈಯ ಡಗ್ಗಾ ಒಂದೇ ಹೋಯಿತು, ಬಲಗೈಯದು ಅಲ್ಲೇ ಉಳಿಯಿತು. ಕಳ್ಳನಿಗೂ ಅರ್ಧ ವಿದ್ಯೆಯೇ ಬರುತ್ತಿತ್ತೋ ಏನೋ ಎಂದು ನಾವು ನಕ್ಕೆವು. ನಮ್ಮದು ಹೋಗುವ ತನಕ ಎಲ್ಲ ಕಳುವೂ ನಗೆಯೇ.

ನಮ್ಮದು ಹೋದದ್ದು ಎಪ್ಪತ್ತೊಂದರಲ್ಲಿ. ಬೆಳಗಿನ ಹೊತ್ತು, ನಾವೆಲ್ಲ ವೇದಿಕೆಯ ಮೇಲಿದ್ದೆವು. ಬಿಳಿ ಟೋಪಿಯ ಒಬ್ಬ ಮನುಷ್ಯ ಸಾವಂತ್ರವ್ವನ ಹತ್ತಿರ ಬಂದು, ಗುದ್ಲೆಪ್ಪನವರ ಗಂಟಲು ಕಟ್ಟಿದೆ, ಶಾಲು ಕೇಳುತ್ತಿದ್ದಾರೆ ಎಂದನಂತೆ. ಶಾಲು ಗಂಟಿನ ತಳದಲ್ಲಿತ್ತು. ಗಂಡನ ಗಂಟಲು ಎಂದ ಮೇಲೆ ಬಿಚ್ಚಿ ಹುಡುಕುವಷ್ಟು ತಾಳ್ಮೆ ಅವಳಿಗೆಲ್ಲಿ? ಗಂಟನ್ನೇ ಎತ್ತಿ ಅವನ ಕೈಗಿಟ್ಟಳು. ಅದರಲ್ಲಿ ನನ್ನ ಮದುವೆಯ ಇಳಕಲ್ ಸೀರೆಯಿತ್ತು, ಅತ್ತೆಯ ಬೆಳ್ಳಿ ಡಾಬಿತ್ತು. ಅವಳನ್ನು ನಾವು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಊರು ಮುಟ್ಟುವ ತನಕ ಅವಳು ಚಕ್ಕಡಿಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಮರುವರ್ಷ ಹೊರಡುವಾಗ ಅವಳು ತನ್ನ ಕಾಯ್ದೆ ಮಾಡಿಕೊಂಡು ಬಂದಿದ್ದಳು. ಯಾರು ಗಂಟು ಇಟ್ಟರೂ ಆ ಗಂಟಿನ ಬಟ್ಟೆಯ ಅಂಚನ್ನು ಎರಡು ಬೆರಳಗಲ ಹರಿದು, ಆ ಚಿಂದಿಯನ್ನು ಇಟ್ಟವರ ಕೈಗೆ ಕೊಡುವಳು. ಚಿಂದಿ ತಂದವರಿಗೆ ಗಂಟು. ತಂದ ಚಿಂದಿ ಹರಿದಲ್ಲಿಗೆ ಎಳೆಗೆ ಎಳೆ ಕೂಡಬೇಕು. ಕತ್ತರಿ ಹಾಕಬಹುದಲ್ಲ ಎಂದು ನಾನು ಕೇಳಿದ್ದಕ್ಕೆ, ಕತ್ತರಿಸಿದ್ದಕ್ಕೆ ಯಾರಾದರೂ ಅಂಥದೇ ತರಬಹುದು, ಕೈಯಲ್ಲಿ ಹರಿದದ್ದಕ್ಕೆ ಜೋಡಿ ಒಂದೇ ಎಂದಳು. ನಮ್ಮ ಮೇಳದ ಅರಿವೆಗಳಿಗೆಲ್ಲ ಆ ವರ್ಷದಿಂದ ಅಂಚು ಇಲ್ಲದಂತಾಯಿತು.

ನಮ್ಮ ಭಾವನಿಗೂ ಅದೇ ಕಾಯ್ದೆ. ಒಮ್ಮೆ ಅವರು ಖರೇ ಗಂಟಲು ಕಟ್ಟಿ, ಹಾಡಿನ ನಡುವೆ ಇಳಿದು ಬಂದು ಶಾಲು ಕೇಳಿದರು. ಚಿಂದಿ ಎಲ್ಲಿ ಎಂದಳು. ಅಂಗಿಯ ಕಿಸೆಯಲ್ಲಿ ಇರಲಿಲ್ಲ. ಕಟ್ಟಿಕೊಂಡ ಗಂಡ ಎದುರಿಗೆ ಕೆಮ್ಮುತ್ತ ನಿಂತಿದ್ದರೂ ಅವಳು ಗಂಟಿನ ಮೇಲಿಂದ ಕೈ ತೆಗೆಯಲಿಲ್ಲ. ಅವರು ಹಾಗೆಯೇ ಹೋಗಿ ಒಡಕು ದನಿಯಲ್ಲಿ ಹಾಡಿದರು. ಆಮೇಲೆ ಅದು ತೋಪಿನ ತುಂಬ ಸುದ್ದಿಯಾಯಿತು. ಇಂಥ ಕಾವಲು ಬ್ಯಾಂಕಿನಲ್ಲೂ ಇಲ್ಲ ಎಂದು ಮಂದಿ ಹೊಗಳಿದರು. ಭಾವ ಸಿಟ್ಟಾಗುವುದು ಬಿಟ್ಟು, ಹೋದಲ್ಲೆಲ್ಲ ಅದನ್ನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದರು. ಹಾಡು ಬಾರದ ಹೆಂಗಸಿಗೆ ಆ ಐದು ದಿನಗಳಲ್ಲಿ ಒಂದು ಹೆಸರು ಬಂತು. ಅವಳಿಗೆ ಅದು ಎಷ್ಟು ದೊಡ್ಡದಾಗಿತ್ತೆಂದು ಹೊಗಳಿದವರಿಗೆ ತಿಳಿದಿರಲಿಲ್ಲ.

ಆ ಹೆಸರು ಕೇಳಿಕೊಂಡೇ ಮುಮ್ತಾಜಬೇಗಂ ಬಂದಳು. ಸವಣೂರಿನವಳು. ಅವಳ ಗಂಡ ಹಜರತಅಲಿ ತಬಲಾ ಬಾರಿಸುವವರು, ಯಾವ ಗವಾಯಿ ಬಂದರೂ ಸಾಥಿಗೆ ಅವರೇ. ಹಾಗೆ ನೋಡಿದರೆ ಅವರಿಗೂ ಮಾಳಿಗೆ ಮನೆಯಲ್ಲಿ ಜಾಗವಿತ್ತು. ಹೆಂಡತಿ ಜೊತೆಗಿದ್ದದ್ದರಿಂದ ತೋಪಿನಲ್ಲಿ ನಮ್ಮ ಪಕ್ಕಕ್ಕೇ ಒಂದು ತಟ್ಟಿನ ಮರೆ ಕಟ್ಟಿಕೊಂಡರು. ಮುಮ್ತಾಜ ತನ್ನ ಡಬ್ಬಿ, ಚಾದರ, ಟ್ರಂಕು ಎಲ್ಲ ತಂದು ಸಾವಂತ್ರವ್ವನ ಹತ್ತಿರ ಇಟ್ಟು, ಚಿಂದಿ ಇಸಕೊಂಡು, ಹಾಡು ಕೇಳಲು ಹೋಗದೆ ಅಲ್ಲೇ ಕುಳಿತುಬಿಟ್ಟಳು. ಹೋಗಬಾರದೇ ಎಂದರೆ, ಮನೆಯಲ್ಲಿ ವರ್ಷವಿಡೀ ಅದನ್ನೇ ಕೇಳುತ್ತೇನೆ, ಇಲ್ಲಿಯಾದರೂ ಕಿವಿಗೆ ರಜೆ ಬೇಡವೇ ಎಂದಳು.

ಅವರಿಬ್ಬರ ಗೆಳೆತನ ವರ್ಷಕ್ಕೆ ಐದೇ ದಿನದ್ದು. ಆದರೆ ಸಾವಂತ್ರವ್ವ ನಮ್ಮ ಮನೆಯಲ್ಲಿ ಇಡೀ ವರ್ಷ ಆಡದ ಮಾತುಗಳನ್ನು ಆ ಐದು ದಿನಗಳಲ್ಲಿ ಆಡುತ್ತಿದ್ದಳು. ಅವಳು ಸವಣೂರಿನ ಎಳೆ ಎಲೆ ತರುವಳು, ಇವಳು ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗುವಳು. ಗಂಟುಗಳ ಗುಡ್ಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕುಳಿತು ಎಲೆ ಹಾಕಿಕೊಂಡು ಬಾಯಿ ಕೆಂಪು ಮಾಡಿಕೊಳ್ಳುವರು. ದೂರದ ಧ್ವನಿವರ್ಧಕದಲ್ಲಿ ತಬಲಾ ಕೇಳಿದರೆ ಮುಮ್ತಾಜ, ನೋಡು, ನಮ್ಮವರ ಸಿಟ್ಟು, ಬೆಳಿಗ್ಗೆ ಚಹಾದಲ್ಲಿ ಸಕ್ಕರೆ ಕಡಿಮೆಯಾಗಿತ್ತು ಎಂದು ನಗಿಸುವಳು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಒಂದೇ ಒಲೆಯ ಮುಂದೆ ಇಷ್ಟು ವರ್ಷ ಕುಳಿತ ನನಗಿಂತ ಅವಳೇ ಹತ್ತಿರದವಳಾಗಿದ್ದಳು.

ಎಪ್ಪತ್ತೇಳರಲ್ಲಿ ಕೊನೆಯ ದಿನ, ಎತ್ತು ಹೂಡುವ ಹೊತ್ತಿಗೆ, ಮುಮ್ತಾಜ ಒಂದು ಹಸಿರು ಗಂಟು ತಂದಳು. ಮಡಿಸಿ ಬಿಗಿದ, ದಿಂಬಿನಷ್ಟು ದಪ್ಪದ ಗಂಟು. ಮುಂದಿನ ವರ್ಷದ ತನಕ ಇದನ್ನು ನೀನೇ ಇಟ್ಟುಕೋ ಎಂದಳು. ಸಾವಂತ್ರವ್ವ ಒಳಗೇನಿದೆ ಎಂದು ಕೇಳಲಿಲ್ಲ. ಅದು ಅವಳ ಕಾಯ್ದೆಯ ಇನ್ನೊಂದು ಭಾಗ. ಕಾಯುವವರು ಬಿಚ್ಚಬಾರದು, ಕೇಳಲೂ ಬಾರದು. ಆದರೆ ನಾನು ಕೇಳಿಯೇಬಿಟ್ಟೆ. ಮುಮ್ತಾಜ ನನ್ನ ಕಡೆ ನೋಡದೆ ಹೇಳಿದಳು.

“ನಮ್ಮವ್ವ ಕೊಟ್ಟದ್ದು. ನಮ್ಮತ್ತಿ ಇದನ್ನ ಮನ್ಯಾಗ ಇಡಬ್ಯಾಡ ಅಂತಾಳ. ಹೊರಗ ಒಗಿಯಾಕ ನನಗ ಮನಸಿಲ್ಲ. ಅಕ್ಕನ ಹಂತೇಕ ಇದ್ರ ನನ್ನ ಹಂತೇಕ ಇದ್ಧಾಂಗ.”

ಸಾವಂತ್ರವ್ವ ಅಂಚು ಹಿಡಿದು ಚರ್ರೆಂದು ಹರಿದು ಚಿಂದಿ ಕೊಟ್ಟಳು. ಇಷ್ಟು ಬೇಕಾದವಳಿಗೂ ಚಿಂದಿಯೇ ಎಂದು ನಾನು ನಕ್ಕೆ. ಮುಮ್ತಾಜ ಅದನ್ನು ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡು, ನಗದೆ ಮಾತಾಡಿದಳು.

“ಚಿಂದಿ ಇಲ್ಲದ ಯಾರು ಬಂದ್ರೂ ಕೊಡಬ್ಯಾಡಕ್ಕಾ. ನಮ್ಮವರು ಬಂದ್ರೂ ಕೊಡಬ್ಯಾಡ. ಅವರವ್ವ ಅಂದ್ಲು ಅಂದ್ರ ಅವರು ಹೊಳಿಗೆ ಬಿಡಾಕೂ ಹಿಂದ ಮುಂದ ನೋಡೂದಿಲ್ಲ.”

ಕೊಡುವುದಿಲ್ಲ ಎಂದು ಸಾವಂತ್ರವ್ವ ಅವಳ ಕೈಮೇಲೆ ಕೈಯಿಟ್ಟು ಹೇಳಿದಳು. ಊರಿಗೆ ಬಂದು ಆ ಗಂಟನ್ನು ಬೀಜದ ಜೋಳದ ಗಡಿಗೆಗಳ ಪಕ್ಕದಲ್ಲಿದ್ದ ತನ್ನ ಟ್ರಂಕಿನಲ್ಲಿಟ್ಟಳು.

ಶ್ರಾವಣದ ಮಳೆಯಲ್ಲಿ ಒಂದು ಮಧ್ಯಾಹ್ನ ಹಜರತಅಲಿ ನಮ್ಮ ಮನೆಯ ಕಟ್ಟೆಯ ಮುಂದೆ ಬಂದು ನಿಂತರು. ಸವಣೂರಿನಿಂದ ಬಂಕಾಪುರ, ಬಂಕಾಪುರದಿಂದ ಹಾನಗಲ್ಲು, ಅಲ್ಲಿಂದ ಚಿಕ್ಕೇರೂರು, ಮೂರು ಬಸ್ಸು ಬದಲಿಸಿ ಬಂದಿದ್ದರು. ಕೊಡೆ ಇದ್ದರೂ ಮೊಣಕಾಲ ತನಕ ತೊಯ್ದಿದ್ದರು. ಗಂಡಸರು ಹೊಲಕ್ಕೆ ಹೋಗಿದ್ದರು. ನಾನು ಚಹಾಕ್ಕಿಟ್ಟೆ. ಅವರು ಕುಳಿತುಕೊಳ್ಳಲಿಲ್ಲ, ತೊಯ್ದ ಬಟ್ಟೆಯಲ್ಲಿ ಹೇಗೆ ಕೂಡಲಿ ಎಂದರು. ಮುಮ್ತಾಜಳಿಗೆ ಮೈಯಲ್ಲಿ ಆರಾಮಿಲ್ಲ, ಅಕ್ಕನ ಹತ್ತಿರ ನನ್ನದೊಂದು ಗಂಟಿದೆ, ತಂದುಕೊಡಿ ಎಂದು ಒಂದೇ ಸಮನೆ ಹೇಳುತ್ತಿದ್ದಾಳೆ ಎಂದರು.

ಸಾವಂತ್ರವ್ವ ಒಳಗೆ ಹೋಗಿ ಟ್ರಂಕು ತೆರೆದ ಸಪ್ಪಳ ಕೇಳಿಸಿತು. ಗಂಟು ಹಿಡಿದುಕೊಂಡೇ ಹೊರಗೆ ಬಂದಳು. ಹೊಸ್ತಿಲಲ್ಲಿ ನಿಂತಳು.

“ಚಿಂದಿ ಕೊಟ್ಟ ಕಳಿಸ್ಯಾಳೇನ್ರಿ ಅಣ್ಣಾರ?”

ಅವರಿಗೆ ತಿಳಿಯಲಿಲ್ಲ. ಅಂಥದ್ದೇನೂ ಹೇಳಲಿಲ್ಲ ಎಂದರು. ಒಳಗೇನಿದೆ ಎಂದು ನಿಮಗೆ ಗೊತ್ತೇ ಎಂದು ಇವಳು ಕೇಳಿದಳು. ಅದೂ ಗೊತ್ತಿರಲಿಲ್ಲ, ಸೀರೆಯೋ ಬಳೆಯೋ ಇರಬೇಕು, ಹುಷಾರಿಲ್ಲದವರಿಗೆ ಹೀಗೆ ಒಂದೊಂದು ವಸ್ತುವಿನ ಮೇಲೆ ಮನಸ್ಸು ಹೋಗುತ್ತದೆ ಎಂದರು. ಬೇನೆ ಬಹಳ ಇದೆಯೇ ಎಂದಳು. ಅವರು ಮಳೆಯ ಕಡೆ ನೋಡಿ, ಜ್ವರ ಬಂದಿದೆ, ಇಳಿಯುತ್ತದೆ ಎಂದರು.

ಆ ಮಾತಿಗೆ ನನಗೆ ಇಂದಿಗೂ ಅವರ ಮೇಲೆ ಸಿಟ್ಟಿದೆ. ಆಗ ಮುಮ್ತಾಜಳ ಕಣ್ಣು, ಉಗುರು ಎಲ್ಲ ಅರಿಸಿನವಾಗಿ, ಡಾಕ್ಟರು ಕೈಬಿಟ್ಟಾಗಿತ್ತು. ಆ ಸುದ್ದಿಯನ್ನು ಬಾಯಿಂದ ಆಡಿದರೆ ನಿಜವಾಗುತ್ತದೆಂದು ಅಂಜಿದರೋ ಏನೋ. ಅಷ್ಟು ದೂರ ತೊಯ್ಯುತ್ತ ಬಂದ ಮನುಷ್ಯ ಒಂದು ಮಾತು ನಿಜ ಹೇಳಿದ್ದರೆ ಗಂಟು ಅವರ ಕೈಗೆ ಬರುತ್ತಿತ್ತು. ಇಲ್ಲವೇ ಇವಳೇ ಅವರ ಹಿಂದೆ ಬಸ್ಸು ಹತ್ತುತ್ತಿದ್ದಳು.

“ಕೊಟ್ಟುಬಿಡಕ್ಕಾ,” ಎಂದೆ ನಾನು.

“ಆಕೀನ ಕೊಡಬ್ಯಾಡ ಅಂದಾಳಲ್ಲಬೇ,” ಎಂದಳು ನನಗೆ. ಆಮೇಲೆ ಗಂಟನ್ನು ಸೆರಗಿನೊಳಗೆ ಮಾಡಿಕೊಂಡು ಅವರ ಕಡೆ ತಿರುಗಿದಳು. “ತಪ್ಪ ತಿಳೀಬ್ಯಾಡ್ರಿ ಅಣ್ಣಾರ. ಚಿಂದಿ ಕೇಳಿದ್ಲು ಅಕ್ಕ ಅಂತ ಹೇಳ್ರಿ. ಆಕಿಗೆ ತಿಳೀತೇತಿ. ಚಿಂದಿ ಕೊಟ್ಟು ಸಣ್ಣ ಕೂಸಿನ್ನ ಕಳಿಸಿದ್ರೂ ಕೊಡ್ತೇನಿ.”

ಬೇರೆ ಯಾರಾದರೂ ಆಗಿದ್ದರೆ ಜಗಳವಾಡುತ್ತಿದ್ದರು. ಹಜರತಅಲಿ ತಲೆ ಅಲ್ಲಾಡಿಸಿ, ಆಗಲಿ ಅಕ್ಕಾರ, ಹೇಳುತ್ತೇನೆ ಎಂದು ಚಹಾ ಕುಡಿದು ಕೊಡೆ ಬಿಚ್ಚಿದರು. ಸಾವಂತ್ರವ್ವ ಓಡಿಹೋಗಿ ಒಂದು ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಹಾಕಿ ಕೊಟ್ಟಳು. ಅವರು ಅದನ್ನು ಕೊಡೆಯ ಕೆಳಗೆ ಎದೆಗೆ ಒತ್ತಿ ಹಿಡಿದುಕೊಂಡು ಬಸ್ಸಿಗೆ ಹೋದರು.

ಆಮೇಲೆ ಅವಳು ಪ್ರತಿ ಬಸ್ಸಿಗೂ ಕಟ್ಟೆಗೆ ಬಂದು ನೋಡುತ್ತಿದ್ದಳು. ಗಂಟನ್ನು ಟ್ರಂಕಿನ ಮೇಲ್ಗಡೆಯೇ ಇಟ್ಟಿದ್ದಳು, ಬಂದವರನ್ನು ಕಾಯಿಸಬಾರದೆಂದು. ಬಾರದೆ ಹೋದಾಗ ತಾನೇ ಸಮಾಧಾನ ಮಾಡಿಕೊಂಡಳು: ಜ್ವರ ಇಳಿದಿರಬೇಕು, ಗಂಟಿನ ಹಂಬಲವೂ ಇಳಿದಿರಬೇಕು. ಹೋಗಿ ನೋಡಿಕೊಂಡು ಬರಬಾರದಿತ್ತೇ ಎಂದು ಈಗಿನವರು ಕೇಳುತ್ತಾರೆ. ಆ ಕಾಲಕ್ಕೆ ನಮ್ಮ ಮನೆಯ ಹೆಂಗಸರು ಒಬ್ಬರೇ ಬಸ್ಸು ಹತ್ತಿದ್ದಿಲ್ಲ. ಸವಣೂರಿನಲ್ಲಿ ಯಾವ ಓಣಿ, ಯಾವ ಮನೆ ಎಂದು ಅವಳಿಗೆ ಗೊತ್ತೂ ಇರಲಿಲ್ಲ. ಅವಳಿಗೆ ಗೊತ್ತಿದ್ದ ಮುಮ್ತಾಜಳ ವಿಳಾಸ ಒಂದೇ, ಹುಣಸೆ ತೋಪು.

ಎಪ್ಪತ್ತೆಂಟರ ಸುಗ್ಗಿ ಮುಗಿದು ತೋಪಿಗೆ ಹೋದೆವು. ಸಾವಂತ್ರವ್ವ ಚಕ್ಕಡಿಯಿಂದ ಇಳಿದವಳೇ ಮೊದಲು ಮಾಡಿದ ಕೆಲಸವೆಂದರೆ ಪಕ್ಕದ ಜಾಗ ಗುಡಿಸಿ ಚಾಪೆ ಹಾಸಿದ್ದು. ಶಿಗ್ಗಾವಿಯವರು ಅಲ್ಲಿ ಎತ್ತು ಕಟ್ಟಲು ಬಂದಾಗ ದೊಡ್ಡ ಜಗಳ ಮಾಡಿದಳು. ಮೊದಲ ದಿನ ಆ ಚಾಪೆ ಹಾಗೆಯೇ ಇತ್ತು. ಎರಡನೆಯ ದಿನವೂ ಮಧ್ಯಾಹ್ನದ ತನಕ ಹಾಗೆಯೇ ಇತ್ತು. ಹೋಳಿಗೆಯ ಬುಟ್ಟಿಯನ್ನು ಅವಳು ನಮಗೆ ಮುಟ್ಟಗೊಡಲಿಲ್ಲ.

ನಾನು ನೀರು ಕುಡಿಯಲೆಂದು ಬಿಡಾರಕ್ಕೆ ಬಂದಿದ್ದಾಗ ಹಜರತಅಲಿ ಬಂದರು. ಒಬ್ಬರೇ. ಗಡ್ಡ ಬಿಟ್ಟಿದ್ದರು. ಅವರ ಬಲಗೈಯಲ್ಲಿ ಹಸಿರು ಚಿಂದಿ ಇತ್ತು.

ಚಿಂದಿ ಕಂಡ ಕೂಡಲೇ ಸಾವಂತ್ರವ್ವನ ಮುಖ ಅರಳಿತು. ಎದ್ದು ನಿಂತು ಅವರ ಹಿಂದೆ, ಚಕ್ಕಡಿಗಳ ಆಚೆ ಇಣುಕಿ ನೋಡಿದಳು. ಎಲ್ಲಿ, ಎಲ್ಲಿ ನಿಂತಿದ್ದಾಳೆ, ನನ್ನ ಮೇಲೆ ಸಿಟ್ಟಾಗಿದ್ದಾಳೇನು ಎಂದಳು. ಆ ನೋಟವನ್ನು ನಾನು ನೋಡಬಾರದಿತ್ತು.

“ಚಿಂದಿ ಬಂದೇತ್ರಿ ಅಕ್ಕಾರ,” ಎಂದರು ಅವರು. “ಆಕಿ ಬಂದಿಲ್ಲ.”

ಅವರು ಚಾಪೆಯ ಮೇಲೆ ಕುಳಿತರು. ನಮ್ಮ ಮನೆಯಿಂದ ಹೋದ ಮೂರನೆಯ ದಿನ ತೀರಿಕೊಂಡಳೆಂದು ಹೇಳಿದರು. ಸಾವಂತ್ರವ್ವ ಕೈ ಚಾಚಿ ಚಿಂದಿ ಇಸಕೊಂಡಳು. ಗಂಟುಗಳ ನಡುವಿನಿಂದ ಹಸಿರು ಗಂಟನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು, ಹರಿದ ಅಂಚಿಗೆ ಚಿಂದಿ ಹಚ್ಚಿ ನೋಡಿದಳು. ಎಳೆಗೆ ಎಳೆ ಕೂಡಿತು. ಇನ್ನೂ ಏನನ್ನೋ ಹುಡುಕುವವಳ ಹಾಗೆ ಆ ತುದಿಯಿಂದ ಈ ತುದಿಗೆ ಬೆರಳು ಆಡಿಸಿದಳು. ಆಮೇಲೆ ಗಂಟನ್ನು ಅವರ ಮುಂದಿಟ್ಟಳು.

ಬಿಚ್ಚಿದವರು ಅವರೇ. ಒಳಗೆ ಬಿಳಿಯ ಬಟ್ಟೆ, ಮಡಿಕೆಯ ಮೇಲೆ ಮಡಿಕೆ. ನಡುವೆ ಒಂದು ಸಣ್ಣ ಅತ್ತರಿನ ಶೀಶೆ, ಕರ್ಪೂರದ ಪುಡಿಕೆ. ನನಗೆ ಅದೇನೆಂದು ತಿಳಿಯಲಿಲ್ಲ. ಅವರಿಗೆ ನೋಡಿದ ಕೂಡಲೇ ತಿಳಿಯಿತು. ಬಟ್ಟೆಯ ಮೇಲಿಟ್ಟ ಕೈಯನ್ನು ಅವರು ಎತ್ತಲೇ ಇಲ್ಲ.

ಅದು ಕಫನ್, ಮಣ್ಣು ಮಾಡುವಾಗ ಹೆಣಕ್ಕೆ ಹೊದಿಸುವ ಬಟ್ಟೆ. ಮುಮ್ತಾಜಳ ತಾಯಿ ಹಡಗಿನಲ್ಲಿ ಹಜ್ ಯಾತ್ರೆಗೆ ಹೋದಾಗ ಅಲ್ಲಿಯ ಪವಿತ್ರ ನೀರಿನಲ್ಲಿ ಅದ್ದಿ ಒಣಗಿಸಿ ತಂದದ್ದು. ತನಗೊಂದು, ಒಬ್ಬಳೇ ಮಗಳಿಗೊಂದು. ತಾಯಿಯದು ತಾಯಿಯ ಜೊತೆ ಮಣ್ಣಿಗೆ ಹೋಗಿತ್ತು. ಇದು ಮನೆಗೆ ಬಂದ ವರ್ಷವೇ ಮುಮ್ತಾಜಳ ಕೂಸು ತೀರಿಕೊಂಡಿತಂತೆ. ಸಾವಿನ ಬಟ್ಟೆ ಮನೆಯಲ್ಲಿಟ್ಟು ಸಾವನ್ನು ಕರೆದೆ ಎಂದು ಅತ್ತೆ ಹಟ ಹಿಡಿದಳಂತೆ. ಎಸೆದುಬಿಟ್ಟೆ ಎಂದು ಮುಮ್ತಾಜ ಗಂಡನಿಗೂ ಸುಳ್ಳು ಹೇಳಿದ್ದಳು. ಇಷ್ಟೆಲ್ಲವನ್ನು ಹಜರತಅಲಿ ಬಿಳಿಯ ಬಟ್ಟೆಯನ್ನೇ ನೋಡುತ್ತ ಹೇಳಿದರು.

“ನಿಮ್ಮನ್ಯಾಗಿಂದ ಹೋಗಿ, ಅಕ್ಕಾರು ಚಿಂದಿ ಕೇಳಿದ್ರು ಅಂತ ಹೇಳಿದೆ. ನಕ್ಕಳು. ಆಗ ಮಾತು ನಿಂತಿದ್ದುವು. ತೋಳ ಮುಟ್ಟಿ ಮುಟ್ಟಿ ತೋರಿಸಿದ್ಲು. ತಾಯತಾ ಬಿಗಿ ಆಗೇತಿ ಅಂತ ತಿಳದು ಸಡ್ಲ ಮಾಡಿದೆ ನಾ.” ಚಿಂದಿಯ ಕಡೆ ನೋಡಿ ಹೇಳಿದರು, “ಮೈ ತೊಳಿಯೂ ಹೆಣಮಕ್ಕಳು ತಾಯತದ ಅರಿವ್ಯಾಗಿಂದ ಈ ಚಿಂದಿ ಬಿಚ್ಚಿ ಕೊಟ್ರು.”

ಕೊನೆಗೆ ಏನು ಹೊದಿಸಿದಿರಿ ಎಂದು ಸಾವಂತ್ರವ್ವ ಕೇಳಿದಳು. ಅಂಗಡಿಯ ಕೋರಾ ಬಟ್ಟೆ ಎಂದರು.

ಅಷ್ಟು ಹೊತ್ತು ಗಟ್ಟಿಯಾಗಿ ಕುಳಿತವಳು ಆಗ ಅತ್ತಳು. ಹಾಡು ಬಾರದ ಆ ಒರಟು ಗಂಟಲಲ್ಲಿ, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಸತ್ತ ಗೆಳತಿಗಾಗಿ ಅಳುವುದು ಬೇರೆ. ಅವಳು ಜೀವ ಹೋಗುವಾಗ ಕೈಯೊಡ್ಡಿ ಕೇಳಿದ್ದನ್ನು ತಾನೇ ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತು ಇಲ್ಲವೆಂದದ್ದಕ್ಕೆ ಅಳುವುದು ಬೇರೆ. ನನಗೆ ಅವಳನ್ನು ಮುಟ್ಟುವ ಧೈರ್ಯವೂ ಆಗಲಿಲ್ಲ. ಹಜರತಅಲಿ, ಕೊಡಬೇಡವೆಂದು ಅವಳೇ ಹೇಳಿದ್ದಳಲ್ಲ, ನಿಮ್ಮದೇನು ತಪ್ಪು ಎಂದರು. ಒಳ್ಳೆಯ ಮಾತೇ. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಅವರು ಬಟ್ಟೆಯನ್ನು ಮೊದಲಿನ ಮಡಿಕೆಗಳಲ್ಲೇ ಮಡಿಸಿ, ಹಸಿರು ಅರಿವೆಯಲ್ಲಿ ಕಟ್ಟಿ, ತಿರುಗಿ ಅವಳ ಕಡೆ ಸರಿಸಿದರು.

“ನಮ್ಮವ್ವ ಇನ್ನೂ ಅದಾಳ. ಮನ್ಯಾಗ ಇಡಾಕ ಬರೂದಿಲ್ಲ. ನನಗಾಗ್ಲಿ ಇದು. ಯಾವಾಗಾರ ಯಾರಾರ ಕೇಳಿಕೋತ ಬರ್ತಾರ. ಚಿಂದಿ ಇಲ್ಲದ ಬಂದ್ರೂ ಕೊಡ್ರಿ ಅಕ್ಕಾರ.”

ಚುಚ್ಚಿ ಆಡಿದ ಮಾತಲ್ಲ ಅದು. ಅವರಿಗೆ ಚುಚ್ಚಲು ಬರುತ್ತಿರಲಿಲ್ಲ. ಆದರೂ ಅವಳು ಕಣ್ಣು ಮುಚ್ಚಿಕೊಂಡಳು. ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಅವರ ಹೆಸರು ಕೂಗಿದರು. ಯಾವುದೋ ಗವಾಯಿಗೆ ಸಾಥ್ ಕೊಡಬೇಕಿತ್ತು. ಅವರು ಎದ್ದು ಹೋದರು. ಸಾವಂತ್ರವ್ವನೂ ಎದ್ದಳು. ಹಸಿರು ಗಂಟೊಂದನ್ನು ಕಂಕುಳಲ್ಲಿಟ್ಟುಕೊಂಡು, ಪೇಟಿಯ ಪೆಟ್ಟಿಗೆ, ಟ್ರಂಕು, ತಂಬಿಗೆ, ಇಡೀ ಮೇಳದ ಗಂಟು ಎಲ್ಲವನ್ನೂ ಬಿಟ್ಟು ಅವರ ಹಿಂದೆ ನಡೆದಳು. ಸಾಮಾನಿಗೆ ಯಾರು ಎಂದು ನಾನು ಕೇಳಿದೆ. ತಿರುಗಿ ನೋಡಲಿಲ್ಲ. ನಮ್ಮ ಮೇಳದ ಸರದಿಯೂ ಹತ್ತಿರವಿತ್ತು, ನಾನೂ ಹಿಂದೆಯೇ ಹೋದೆ.

ಅಷ್ಟು ವರ್ಷಗಳಲ್ಲಿ ಅವಳು ವೇದಿಕೆಯ ಮುಂದೆ ಕುಳಿತದ್ದು ಅದೇ ಮೊದಲು. ಹಜರತಅಲಿಯ ಕೈಗಳನ್ನೇ ನೋಡುತ್ತ ಕುಳಿತಿದ್ದಳು. ಆಮೇಲೆ ನಮ್ಮ ಭಾವ ಹಾಡಿದರು. ಹೆಂಡತಿ ಎದುರಿಗೆ ಕುಳಿತದ್ದು ಕಂಡು ಎರಡು ಸಲ ತಪ್ಪಿದರು. ಸಂಜೆ ನಾವು ಬಿಡಾರಕ್ಕೆ ಓಡಿ ಬಂದು ನೋಡಿದರೆ ಎಲ್ಲವೂ ಇಟ್ಟಲ್ಲೇ ಇದ್ದವು. ಒಂದು ತಂಬಿಗೆಯೂ ಹೋಗಿರಲಿಲ್ಲ. ಹೋಗಿದ್ದರೆ ಅವಳಿಗೆ ಹಗುರಾಗುತ್ತಿತ್ತೆಂದು ಈಗ ಅನಿಸುತ್ತದೆ.

ಸಾವಿನ ಬಟ್ಟೆ ಬೀಜದ ಜೋಳದ ಪಕ್ಕದಲ್ಲಿದೆ ಎಂದು ತಿಳಿದು ನಮ್ಮ ಮನೆಯಲ್ಲೂ ಕೂಗಾಟವಾಯಿತು. ನಾನೂ ಅಂಜಿದ್ದೆ. ಅವಳು ಟ್ರಂಕನ್ನೇ ತನ್ನ ತಲೆದೆಸೆಗೆ ಎಳೆದುಕೊಂಡಳು, ಮಾತು ಮುಗಿಯಿತು. ಚಿಂದಿ ಹರಿಯುವ ಕಾಯ್ದೆಯನ್ನು ಅಲ್ಲಿಗೇ ಬಿಟ್ಟಳು. ಮುಂದಿನ ವರ್ಷಗಳಲ್ಲಿ ಯಾರು ಬಂದು ಕೇಳಿದರೂ ಎತ್ತಿ ಕೊಡುತ್ತಿದ್ದಳು, ಹೋದದ್ದು ಹೋಗಲಿ ಎನ್ನುತ್ತಿದ್ದಳು. ಮೇಳದವರು ಬೇರೆ ಕಾವಲು ನೋಡಿಕೊಂಡರು. ಅವಳ ಹೆಸರೂ ಹೋಯಿತು.

ಒಬ್ಬಳೇ ಬಸ್ಸು ಹತ್ತುವುದನ್ನು ಮಾತ್ರ ಕಲಿತಳು. ಸವಣೂರಿನ ಕಡೆಯಿಂದ ಎಲೆ ಮಾರುವವರು ಬಂದರೆ ಹಜರತಅಲಿಯ ಸುದ್ದಿ ಕೇಳುವಳು. ಅವರಿಗೆ ನೆಗಡಿ ಎಂದರೂ ಸಾಕು, ಹಸಿರು ಗಂಟು ಕಂಕುಳಲ್ಲಿಟ್ಟುಕೊಂಡು ಹೊರಡುವಳು. ಆ ಮನುಷ್ಯ ಕೆಮ್ಮುತ್ತ ಬಾಗಿಲು ತೆರೆದರೆ ಇವಳು ಕಫನ್ ಹಿಡಿದುಕೊಂಡು ನಿಂತಿರುವಳು. ಇನ್ನೂ ಹೊತ್ತಿದೆ ಅಕ್ಕಾರ, ಚಹಾ ಕುಡಿದು ಹೋಗಿರಿ ಎಂದು ಅವರು ನಗುತ್ತಿದ್ದರಂತೆ. ನಮ್ಮ ಭಾವನಿಗೆ ಇದರಿಂದ ಊರಲ್ಲಿ ತಲೆ ಎತ್ತದಂತಾಗಿತ್ತು. ಆದರೂ ಅವರು ಬೇಡವೆನ್ನಲಿಲ್ಲ, ಅಷ್ಟಕ್ಕೆ ಅವರನ್ನು ಮೆಚ್ಚಬೇಕು.

ಎಂಬತ್ನಾಲ್ಕರ ಚಳಿಗಾಲದಲ್ಲಿ ಹಾಗೆ ಹೋದವಳು ನಾಲ್ಕು ದಿನ ಬರಲಿಲ್ಲ. ಈ ಸಲ ಬಟ್ಟೆ ಹಜರತಅಲಿಯ ಮಣ್ಣಿಗೆ ಸರಿಯಾದ ಹೊತ್ತಿಗೆ ಮುಟ್ಟಿತ್ತು. ತಿರುಗಿ ಬಂದಾಗ ಗಂಟು ಕಂಕುಳಲ್ಲೇ ಇತ್ತು, ಆದರೆ ಸಣ್ಣದಾಗಿತ್ತು. ಕಟ್ಟೆಯ ಮೇಲೆ ಕುಳಿತು ನನ್ನ ಮುಂದೆ ಬಿಚ್ಚಿದಳು. ಎರಡು ಬಿಳಿಯ ತುಂಡು.

“ಗಂಡಸರಿಗೆ ಮೂರ ಸಾಕಂತ,” ಎಂದಳು. “ಹೆಂಗಸರಿಗೆ ಐದು. ಇದು ತಲಿಗೆ, ಇದು ಎದಿಗೆ. ಇವೆರಡು ಆಕೀವ.”

ನಾನು ಅವಳ ಕೈಯಿಂದ ಇಸಕೊಂಡು ಮಡಿಸಲು ಹೋದೆ. ಕೊಡಲಿಲ್ಲ. ತಾನೇ ಮಡಿಸಿ, ಹಸಿರು ಅರಿವೆಯಲ್ಲಿಟ್ಟು, ಹರಿದ ಅಂಚಿಗೆ ಆ ಚಿಂದಿಯನ್ನು ಸೂಜಿಯಿಂದ ಹೊಲಿದು ಸೇರಿಸಿದಳು. ಗಂಟು ಈಗಲೂ ಅವಳ ಟ್ರಂಕಿನಲ್ಲಿದೆ. ಬಸ್ಸು ಬಂದು ನಿಂತ ಸಪ್ಪಳವಾದರೆ ಅವಳು ಈಗಲೂ ಕಟ್ಟೆಗೆ ಬಂದು ಇಳಿದವರನ್ನು ನೋಡುತ್ತಾಳೆ. ಅದನ್ನು ಕೇಳಿಕೊಂಡು ಬರುವವರು ಯಾರೂ ಉಳಿದಿಲ್ಲ.